ಮಳೆ ನೀರು ಎಲ್ಲಿ ಹೋಗುತ್ತದೆ?

ಮೇಲ್ಛಾವಣಿಯಿಲ್ಲದ ಪುಟ್ಟ ಜೀಪಿನಂಥ ಕಾನ್ಸೆಪ್ಟ್ ಕಾರು, ಅಂದರೆ ಮಾರಾಟಕ್ಕಲ್ಲದೆ ಪ್ರದರ್ಶನಕ್ಕೆಂದೇ ಮಾಡಿದ ಮಾದರಿ ಗಾಡಿ, ಜಗತ್ತಿನ ಯಾವ ಪ್ರದರ್ಶನದಲ್ಲಿ ಕಾಣಿಸಿಕೊಂಡರೂ ಅದರ ಫೋಟೊ ನನಗೆ ಬಂದು ಸೇರುತ್ತದೆ. ಗೆಳೆಯರಿಗೆ ನನ್ನ ಹುಚ್ಚು ಗೊತ್ತು. ಮೊನ್ನೆ ಒಬ್ಬರು ಸುಜುಕಿಯ ಇ-ಸರ್ವೈವರ್ ಚಿತ್ರ ಕಳಿಸಿ, "ಇಂಥದ್ದನ್ನು ಯಾಕೆ ಮಾರಾಟಕ್ಕೆ ತರುವುದಿಲ್ಲ?" ಎಂದು ಕೇಳಿದರು. 2017ರ ಟೋಕಿಯೊ ಮೋಟಾರ್ ಶೋನಲ್ಲಿ ಇಟ್ಟಿದ್ದ ಗಾಡಿ ಅದು. ಇಬ್ಬರಿಗಷ್ಟೇ ಜಾಗ, ತಲೆಯ ಮೇಲೆ ಬಯಲು, ಕೆಳಗೆ ಮೈಯನ್ನು ಹೊರುವ ಏಣಿಯಂಥ ಚೌಕಟ್ಟು ಅಂದರೆ ಚಾಸಿ, ಒಂದೊಂದು ಚಕ್ರಕ್ಕೂ ಒಂದೊಂದು ಎಲೆಕ್ಟ್ರಿಕ್ ಮೋಟಾರು. ಚೆಲುವಾದ ಗಾಡಿ, ಎರಡು ಮಾತಿಲ್ಲ. ಆದರೆ ಇಂಥ ಯಾವ ಗಾಡಿ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅದರ ನೆಲದ ಕಡೆಗೆ. ಮಳೆ ಬಂದರೆ ಒಳಗೆ ಬಿದ್ದ ನೀರು ಎಲ್ಲಿ ಹೋಗುತ್ತದೆ?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಹತ್ತನೆಯ ವಯಸ್ಸಿನಲ್ಲಿ. ಸೋದರಮಾವನ ಹಳೆಯ ಜೀಪಿನಲ್ಲಿ ಟಾಪು ಬಿಚ್ಚಿ ಹೊರಟಿದ್ದೆವು. ದಾರಿಯಲ್ಲಿ ಮಳೆ ಹಿಡಿಯಿತು. ಕ್ಯಾನ್ವಾಸನ್ನು ಎಳೆದು ಕೊಂಡಿಗಳಿಗೆ ಸಿಕ್ಕಿಸುವಷ್ಟರಲ್ಲಿ ಕಾಲ ಬಳಿ ಪಾದ ಮುಳುಗುವಷ್ಟು ನೀರು. ನನ್ನ ಒಂದು ಚಪ್ಪಲಿ ತೇಲುತ್ತಿತ್ತು. ಮಾವ ನನಗೆ ಕಾಲು ಎತ್ತಲು ಹೇಳಿ, ಬಗ್ಗಿ, ನೆಲದ ಮೂಲೆಯಲ್ಲಿದ್ದ ಬಿರಡೆಯೊಂದನ್ನು ಕಿತ್ತರು. ನೀರು ಸುಳಿ ಸುತ್ತುತ್ತಾ ಇಳಿಯಿತು. ಕೊನೆಗೆ ಆ ತೂತಿನಲ್ಲಿ ಒದ್ದೆ ರಸ್ತೆ ಹಿಂದಕ್ಕೆ ಓಡುವುದು ಕಾಣಿಸಿತು. ನನ್ನ ಕಾಲು ಒದ್ದೆಯಾಗಬಹುದೆಂದು ಯಾರೋ ಎಲ್ಲೋ ಕುಳಿತು ಮೊದಲೇ ಯೋಚಿಸಿದ್ದರಲ್ಲ ಎಂದು ಆದ ಬೆರಗು ಇವತ್ತಿಗೂ ಆರಿಲ್ಲ.

ಆ ಜೀಪಿನ ವಂಶದ ಮೂಲ 1940ರಲ್ಲಿದೆ. ಅಮೆರಿಕದ ಸೇನೆ ಮೊದಲ ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಅದರ ನಕ್ಷೆ ಬರೆದರು. ಅಲಂಕಾರಕ್ಕೆ ಪುರುಸೊತ್ತೇ ಇರಲಿಲ್ಲ. ಮುಂದೆ ಯುದ್ಧಕಾಲದಲ್ಲಿ ಲಕ್ಷಗಟ್ಟಲೆ ತಯಾರಾದ ವಿಲ್ಲಿಸ್ ಜೀಪಿನ ಮುಂಗಾಜು ಬಾನೆಟ್ಟಿನ ಮೇಲೆ ಮಡಚಿ ಮಲಗುತ್ತದೆ. ಅದರ ಹೆಡ್‌ಲೈಟುಗಳನ್ನು ನೋಡಿದ್ದೀರಾ? ತಿರುಪು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಅವು ನೇರವಾಗಿ ಎಂಜಿನ್ನಿನ ಮೇಲೆ ಬೆಳಕು ಚೆಲ್ಲುತ್ತವೆ. ಕತ್ತಲಲ್ಲಿ ಗಾಡಿ ಕೆಟ್ಟು ನಿಂತರೆ ಟಾರ್ಚ್ ಹಿಡಿಯಲು ಇನ್ನೊಬ್ಬ ಬೇಡ. ಇಂದಿನ ಕಾನ್ಸೆಪ್ಟ್ ಕಾರುಗಳು ಆ ದುಂಡು ದೀಪಗಳನ್ನೂ ಗ್ರಿಲ್ಲಿನ ಸೀಳುಗಳನ್ನೂ ಬಿಡದೆ ನಕಲು ಮಾಡುತ್ತವೆ. ದೀಪ ಹಿಂದಕ್ಕೆ ಮಗುಚುವ ಆ ಜಾಣ್ಮೆಯನ್ನು ಮಾತ್ರ ಯಾರೂ ಎತ್ತಿಕೊಳ್ಳುವುದಿಲ್ಲ. ನನಗೆ ಬೇಸರವಾಗುವುದು ಇಲ್ಲೇ.

ಈ ಜಾತಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಜೀಪೂ ಅಲ್ಲ, 1968ರಲ್ಲಿ ಬಂದ ಸಿಟ್ರೊಯೆನ್ ಮೆಹಾರಿ. ಓಟದ ಒಂಟೆಯ ಹೆಸರು ಹೊತ್ತ, ಆರುನೂರು ಕಿಲೋ ಕೂಡ ತೂಗದ ಗಾಡಿ. ಮೈಯೆಲ್ಲ ಎಬಿಎಸ್ ಪ್ಲಾಸ್ಟಿಕ್. ಅದರ ಮೈಮೇಲೆ ಗೀರು ಗೀರಾಗಿ ಏಣುಗಳಿವೆ. ಶೋಭೆಗೆಂದು ಹಾಕಿದ್ದಲ್ಲ, ತೆಳು ಪ್ಲಾಸ್ಟಿಕ್ ಬಳುಕದಿರಲೆಂದು. ತಗಡಿನ ಶೀಟಿಗೆ ಅಲೆ ಅಲೆಯಾಗಿ ಮಡಿಕೆ ಕೊಡುವ ಉಪಾಯವೇ ಇದು. ಬಣ್ಣ ಮೇಲೆ ಬಳಿದದ್ದಲ್ಲ, ಪ್ಲಾಸ್ಟಿಕ್ಕಿನಲ್ಲೇ ಬೆರೆತದ್ದು. ಮುಳ್ಳುಕಂಟಿ ತರಚಿದರೂ ಒಳಗಿನಿಂದ ಬೇರೆ ಬಣ್ಣ ಇಣುಕುವುದಿಲ್ಲ. ಪೈಪು ಹಿಡಿದು ನೀರು ಬಿಟ್ಟರೆ ಒಳಗೂ ಹೊರಗೂ ತೊಳೆದಂತಾಯಿತು. ವರ್ಷಗಟ್ಟಲೆ ಬಿಸಿಲಿಗೆ ನಿಂತರೆ ಆ ಪ್ಲಾಸ್ಟಿಕ್ ಮಂಕಾಗುತ್ತದೆ, ಪೆಡಸಾಗಿ ಬಿರುಕು ಬಿಡುತ್ತದೆ ಎಂಬುದೂ ನಿಜ. ಆದರೂ ನೆಲ, ಮೈ, ಬಣ್ಣ ಮೂರನ್ನೂ ಕೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ ಗಾಡಿ ಅದು.

ಮೇಲ್ಛಾವಣಿ ತೆಗೆಯುವುದು ಸುಲಭ ಎಂದು ಹಲವರು ಭಾವಿಸಿದ್ದಾರೆ. ಮನೆಯಲ್ಲಿರುವ ಒಂದು ಶೂ ಡಬ್ಬಿಯನ್ನು ತೆಗೆದುಕೊಳ್ಳಿ. ಮುಚ್ಚಳವನ್ನು ಅಂಟಿಸಿ ಎರಡು ತುದಿ ಹಿಡಿದು ತಿರುಚಿ ನೋಡಿ, ಜಗ್ಗುವುದಿಲ್ಲ. ಮುಚ್ಚಳ ಕಿತ್ತು ತಿರುಚಿ, ಒದ್ದೆ ಬಟ್ಟೆ ಹಿಂಡಿದಂತೆ ತಿರುಗುತ್ತದೆ. ಮುಂದಿನ ಒಂದು ಚಕ್ರ ಬಂಡೆಯ ಮೇಲೆ, ಅದರ ಪಕ್ಕದ ಮುಂಚಕ್ರ ಹಳ್ಳದಲ್ಲಿ ಇದ್ದಾಗ ಕಾರಿನ ಮೈಗೆ ಆಗುವುದು ಇದೇ. ಆದ್ದರಿಂದ ತೆರೆದ ಕಾರಿಗೆ ಒಂದೋ ಬಾಗಿಲ ಕೆಳಗಿನ ಪಟ್ಟಿಗಳನ್ನು ದಪ್ಪ ಮಾಡಬೇಕು, ಇಲ್ಲವೇ ಗಟ್ಟಿ ಚಾಸಿಯ ಮೇಲೆ ಮೈಯನ್ನು ಬೇರೆಯಾಗಿ ಕೂರಿಸಬೇಕು. ಪಟ್ಟಿ ದಪ್ಪವಾದಷ್ಟೂ ಹತ್ತಿ ಇಳಿಯುವುದು ಕಷ್ಟ, ನೀರು ನಿಲ್ಲುವುದೂ ಹೆಚ್ಚು. ಇ-ಸರ್ವೈವರ್ ಏಣಿ ಚಾಸಿಯನ್ನೇ ನೆಚ್ಚಿಕೊಂಡದ್ದು ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಪ್ರಾಮಾಣಿಕ ತೀರ್ಮಾನ.

ಗಾತ್ರದ ವಿಷಯದಲ್ಲೂ ಅದು ಸುಜುಕಿಯದೇ ಪುಟ್ಟ ಜೀಪಾದ ಜಿಮ್ನಿಯ ಮನೆತನದ ಮರ್ಯಾದೆ ಉಳಿಸಿದೆ. 1970ರ ಮೊದಲ ಜಿಮ್ನಿಯ ಎಂಜಿನ್ 359 ಸಿಸಿ. ಜಪಾನಿನ ಪುಟ್ಟ ಕಾರುಗಳ ನಿಯಮದಂತೆ ಉದ್ದ ಮೂರು ಮೀಟರ್ ದಾಟುವಂತಿರಲಿಲ್ಲ. ಹಿಂದೆ ಸ್ಟೆಪ್ನಿ ನೇತುಹಾಕಿದರೆ ಮಿತಿ ಮೀರುತ್ತಿತ್ತು. ಅದಕ್ಕೇ ಸ್ಟೆಪ್ನಿಯನ್ನು ಒಳಗೆ, ಹಿಂಬದಿಯ ಒಂದು ಸೀಟಿನ ಜಾಗದಲ್ಲಿ ನಿಲ್ಲಿಸಿ, ಗಾಡಿಯನ್ನು ಮೂವರಿಗೆ ಸೀಮಿತ ಮಾಡಿದರು. ಒಬ್ಬರ ಜಾಗ ಬಿಟ್ಟುಕೊಟ್ಟು ಚಿಕ್ಕದಾಗಿ ಉಳಿದ ಗಾಡಿ! ಚಿಕ್ಕದಾಗಿದ್ದರ ಲಾಭ ಇವತ್ತಿಗೂ ಕಾಣುತ್ತದೆ. 2018ರ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2250 ಮಿಲಿಮೀಟರ್. ನೆಲದಿಂದ ಹೊಟ್ಟೆಗಿರುವ ಎತ್ತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್, 210. ಮುಂದಿನ ಮತ್ತು ಹಿಂದಿನ ಚಕ್ರಗಳು ಹತ್ತಿರವಿದ್ದಷ್ಟೂ ದಿಬ್ಬದ ನೆತ್ತಿಗೆ ಹೊಟ್ಟೆ ತಾಗುವುದಿಲ್ಲ. 2019ರಲ್ಲಿ ಜಿನೀವಾದಲ್ಲಿ ಫೋಕ್ಸ್‌ವ್ಯಾಗನ್ ತೋರಿಸಿದ ಐಡಿ ಬಗ್ಗಿಗೆ ಬಾಗಿಲೂ ಇಲ್ಲ, ಛಾವಣಿಯೂ ಇಲ್ಲ. ನೋಡಲು ಹಿತ. ಆದರೆ ಅದು ನಾಲ್ಕು ಮೀಟರ್ ದಾಟಿದ, ಮರಳಿನಲ್ಲಿ ಆಡಲು ಹುಟ್ಟಿದ ಕಾರು. ಕಾಡುದಾರಿಯದಲ್ಲ.

ಚಕ್ರದೊಳಗೆ ಮೋಟಾರು ಇಡುವ ಬಗ್ಗೆ ನನ್ನಲ್ಲಿ ಎರಡು ಮನಸ್ಸಿದೆ. ಹಳೆಯ ಆಕ್ಸಲಿನ ನಡುವೆ ಕುಂಬಳಕಾಯಿಯಂತೆ ಜೋತುಬಿದ್ದು ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್, ಅಂದರೆ ಎರಡೂ ಬದಿಯ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಗೇರುಗಳ ಪೆಟ್ಟಿಗೆ, ಇಲ್ಲವಾಗುತ್ತದೆ, ಅದು ದೊಡ್ಡ ಗೆಲುವು. ಆದರೆ ಮೋಟಾರಿನ ತೂಕ ಸ್ಪ್ರಿಂಗಿನ ಕೆಳಗೆ, ಚಕ್ರದ ಜೊತೆಗೇ ಕುಣಿಯುತ್ತದೆ. ಭಾರದ ಚಕ್ರ ಕಲ್ಲು ಹತ್ತಿ ಇಳಿಯುವಾಗ ಬೇಗ ಸಾವರಿಸಿಕೊಳ್ಳುವುದಿಲ್ಲ, ಕೂತವರ ಸೊಂಟಕ್ಕೆ ಅದು ತಿಳಿಯುತ್ತದೆ. ಕೆಸರು ನೀರಿನಲ್ಲಿ ಸದಾ ಮುಳುಗೇಳುವ ಜಾಗವೂ ಅದೇ.

ಎಲೆಕ್ಟ್ರಿಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಕೂರುವುದು ನೆಲದಡಿಯಲ್ಲಿ. ಅಲ್ಲಿ ತೂತು ಕೊರೆಯುವಂತಿಲ್ಲ. ಮಾವ ಕಿತ್ತ ಬಿರಡೆಗೆ ಜಾಗವೇ ಇಲ್ಲ. ಹಾಗಿದ್ದರೆ ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟು ನೀರನ್ನು ಬದಿಗೆ ಹರಿಸಬೇಕು, ಬಾಗಿಲ ಪಟ್ಟಿಯಲ್ಲಿ ಅದಕ್ಕೊಂದು ಬಾಯಿ ಬಿಡಬೇಕು. ಬಚ್ಚಲಿನ ನೆಲ ಕಟ್ಟುವ ಯಾವ ಗಾರೆಯವನಿಗೂ ಗೊತ್ತಿರುವ ಕೆಲಸ. ಅದನ್ನು ವಿನ್ಯಾಸಕರು ಮೊದಲ ದಿನವೇ ಕಾಗದದ ಮೇಲೆ ಬರೆಯಬೇಕೆಂದು ನನ್ನ ಹಟ. ಕೊನೆಯಲ್ಲಿ ನೆನಪಾದರೆ ಬಾಗಿಲು, ಸೀಟು, ವೈರಿಂಗ್ ಎಲ್ಲವೂ ಆಗಲೇ ದಾರಿ ಅಡ್ಡಗಟ್ಟಿರುತ್ತವೆ. ಚಿತ್ರ ಕಳಿಸಿದ ಗೆಳೆಯರಿಗೆ ನಾನು ಹೀಗೆ ಉತ್ತರಿಸಿದೆ: ಈ ಕಾರನ್ನು ದೀಪಗಳ ಕೆಳಗೆ ಗಿರಗಿರ ತಿರುಗಿಸಿದ್ದು ಸಾಕು, ಮುಂದಿನ ಬಾರಿ ವೇದಿಕೆಯ ಮೇಲೆಯೇ ಅದರೊಳಗೆ ಎರಡು ಬಕೆಟ್ ನೀರು ಸುರಿದು ತೋರಿಸಲಿ. ನೀರು ತಾನಾಗಿ ಹೊರಗೆ ಹರಿದರೆ, ಬುಕಿಂಗ್ ಶುರುವಾದ ದಿನ ಸಾಲಿನಲ್ಲಿ ಮೊದಲು ನಿಲ್ಲುವವನು ನಾನು.