ಮಾಮೂಲಿಗಿಂತ ನಾಲ್ಕೂವರೆ ಜಾಸ್ತಿ

ಪ್ರತಿ ವರ್ಷದಂತೆ ಈ ಏಪ್ರಿಲ್‌ನಲ್ಲೂ ಎರಡು ಸುದ್ದಿ ಪೇಪರಿನ ಒಂದೇ ಪುಟದಲ್ಲಿ ಅಕ್ಕಪಕ್ಕ ಬಂದವು. ಒಂದು, ಮಧ್ಯಾಹ್ನ 12ರಿಂದ 3ರವರೆಗೆ ಯಾರೂ ಹೊರಗೆ ಬರಬೇಡಿ. ಇನ್ನೊಂದು, ಬಿಸಿಲು ಜಾಸ್ತಿ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಎರಡನ್ನೂ ಇನ್ನೊಮ್ಮೆ ಒಟ್ಟಿಗೆ ಓದಿ. ಹೊರಗೆ ಬರಲೇಬಾರದ ಹೊತ್ತು ಯಾವುದೋ, ಸರಿಯಾಗಿ ಅದರ ನಟ್ಟನಡುವೆ ಇಡೀ ಸರ್ಕಾರ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಗೆ ಬರುತ್ತದೆ. ಕೆಲಸಕ್ಕೆಂದು ಬಂದು ಕೂತ ನಮ್ಮನ್ನೂ ಜೊತೆಗೇ ಹೊರಗೆ ಹಾಕುತ್ತದೆ.

ತಪ್ಪು ಅಂತ ನಾನು ಹೇಳುತ್ತಿಲ್ಲ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ ಅಂತ ಜಗತ್ತಿನ ದೊಡ್ಡವರೆಲ್ಲ 2015ರಲ್ಲಿ ಪ್ಯಾರಿಸ್‌ನಲ್ಲಿ ಕೂತು ತಲೆ ಕೆಡಿಸಿಕೊಂಡರು. ಅದಾದ ಮೇಲೂ ವರ್ಷಕ್ಕೊಂದು ಊರಿಗೆ ವಿಮಾನ ಹತ್ತಿ ಹೋಗಿ ಕೆಡಿಸಿಕೊಳ್ಳುತ್ತಲೇ ಇದ್ದಾರೆ. ನಮ್ಮ ಕಚೇರಿಗಳು ಗಡಿಯಾರದ ಮುಳ್ಳು ತಿರುಗಿಸಿದವು. ಹೊಂದಿಕೊಂಡದ್ದಾಯಿತು.

ಮೊನ್ನೆ ನನಗೂ ಒಂದು ಕಚೇರಿಯಲ್ಲಿ ಕೆಲಸವಿತ್ತು. ಯಾವ ಕಚೇರಿ ಅಂತ ಕೇಳಬೇಡಿ, ಕೆಲಸ ಇನ್ನೂ ಆಗಿಲ್ಲ. ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಒಂದು ಒತ್ತಕ್ಷರ ಬಿದ್ದುಹೋಗಿದೆ. ಅದನ್ನು ಎತ್ತಿ ಮತ್ತೆ ಜಾಗಕ್ಕೆ ಇಡಿಸಬೇಕು, ಅಷ್ಟೇ. ಊರಿನಿಂದ ಹೊರಡುವ ಮೊದಲ ಬಸ್ಸು ರಾಯಚೂರು ಮುಟ್ಟುವುದು ಒಂಬತ್ತೂವರೆಗೆ. ಹೋಗಿ ನೋಡಿದರೆ ಕುರ್ಚಿ ಇತ್ತು, ಕುರ್ಚಿಯ ಮೇಲೆ ಬಿಳಿ ಟವೆಲ್ ಇತ್ತು, ಸಾಹೇಬರು ಇರಲಿಲ್ಲ. ಮೀಟಿಂಗ್ ಅಂದರು. ಏನು ಮೀಟಿಂಗ್? ಬಿಸಿಲಿನ ಮುಂಜಾಗ್ರತೆ ಮೀಟಿಂಗ್. ಒಂದು ಗಂಟೆಗೆ ಬಂದರು. ಕೂಲರ್ ಮುಂದೆ ನಿಂತು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. "ಯಪ್ಪಾ, ಏನ್ ಬಿಸ್ಲು ಐತ್ರೀ! ಇಂಥಾ ಬಿಸ್ಲಾಗ ಯಾಕ ಬಂದ್ರಿ? ನಾಳಿ ಮುಂಜಾನೆ ತಂಪೊತ್ತಿನ್ಯಾಗ ಬರ್ರಿ" ಎಂದರು. ನನ್ನ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ನಮ್ಮ ಮನೆಯಲ್ಲೂ ಯಾರಿಗೂ ಇಲ್ಲ.

ಹೊರಗೆ ಬರುವಾಗ ಗುಮಾಸ್ತರು ಹಿಂದೆಯೇ ಬಂದು ಮೆಲ್ಲಗೆ, "ಮಾಮೂಲು ಗೊತ್ತಲ್ರೀ" ಎಂದರು.

ಗೊತ್ತಿದೆ. ಆದರೆ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಅದೇ ಮಾತು ತಲೆಯಲ್ಲಿ ಸುತ್ತತೊಡಗಿತು. ಏಕೆಂದರೆ ಹವಾಮಾನ ಇಲಾಖೆಗೂ ಒಂದು ಮಾಮೂಲು ಇದೆ. ಅವರು ಸುಮ್ನೆ ಸುಮ್ನೆ ಬಿಸಿಗಾಳಿ ಅಂತ ಹೇಳುವುದಿಲ್ಲ. ಬಯಲುಸೀಮೆಯಾದರೆ ಮೊದಲು 40 ಡಿಗ್ರಿ ಮುಟ್ಟಬೇಕು. ಮುಟ್ಟಿದರೆ ಸಾಲದು, ಆ ಊರಿನ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ಸೀದಾ 45 ಆಗಿಬಿಡಬೇಕು. ರಾಯಚೂರಿನ ಬೇಸಿಗೆಯ ಮಾಮೂಲೇ 40ರ ಆಚೀಚೆ. ಹಾಗಾಗಿ 43 ಡಿಗ್ರಿಯಲ್ಲಿ ನಮ್ಮ ಊರಿನ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟಿಕೊಂಡರೂ ಅದು ಬಿಸಿಗಾಳಿ ಅಲ್ಲ, ನಮ್ಮ ಮಾಮೂಲು. ಕರಾವಳಿಗಾದರೆ 37 ಸಾಕು, ಮಾಮೂಲಿಗಿಂತ ನಾಲ್ಕೂವರೆ ಏರಿದ್ದರಾಯಿತು. ಮಂಗಳೂರಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅಲ್ಲಿನ ಬೆವರಿನ ಕಷ್ಟ ಅಲ್ಲಿನವರಿಗೇ ಗೊತ್ತು. ಬೆಂಗಳೂರಿನ ಮೇಲೆ ಸ್ವಲ್ಪ ಇದೆ. 2024ರ ಏಪ್ರಿಲ್ 28ರಂದು ಅಲ್ಲಿ 38.5 ಡಿಗ್ರಿ ಆಯಿತು. ರಾಜ್ಯಕ್ಕೆ ಬೇಸಿಗೆ ಬಂದಿದೆ ಅಂತ ಟಿವಿಯವರಿಗೆ ಗೊತ್ತಾದದ್ದು ಆವತ್ತೇ. ನಮ್ಮಲ್ಲಿ ಏಪ್ರಿಲ್ ಕೊನೆಗೆ 38 ಆದರೆ ಅಜ್ಜಂದಿರು ಕಟ್ಟೆಯ ಮೇಲೆ ಕೂತು "ಇವತ್ತು ಹೊತ್ತು ತಂಪೈತಿ" ಅನ್ನುತ್ತಾರೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಈ ಮಾಮೂಲು ಅನ್ನುವುದು 30 ವರ್ಷದ ಸರಾಸರಿ. ಹತ್ತು ವರ್ಷಕ್ಕೊಮ್ಮೆ ಆ 30 ವರ್ಷದ ಲೆಕ್ಕ ಮುಂದಕ್ಕೆ ಸರಿಯುತ್ತದೆ. ಬಿಸಿಲು ಏರುತ್ತಾ ಹೋದಂತೆ ಮಾಮೂಲೂ ಏರುತ್ತದೆ. ನಮ್ಮಪ್ಪನಿಗೆ ತಲೆ ಸುತ್ತಿಸಿದ ಬಿಸಿಲು ನನ್ನ ಮಗನ ಕಾಲಕ್ಕೆ ಮಾಮೂಲಿನ ಒಳಗೆ ಬಂದು ಕೂತಿರುತ್ತದೆ. ಕಚೇರಿಯ ಮಾಮೂಲೂ ಹೀಗೇ ಅಲ್ವಾ? ಅಪ್ಪನ ಕಾಲಕ್ಕೆ ಐವತ್ತು ಇದ್ದದ್ದು ಈಗ ಐನೂರಾಗಿದೆ. ಯಾರಿಗೂ ಬಿಸಿ ತಟ್ಟಿದಂತೆ ಕಾಣುವುದಿಲ್ಲ.

ಪೇಪರಿನವರು ನಮ್ಮನ್ನು 'ಬಿಸಿಲೂರು', 'ಬಿಸಿಲನಾಡು' ಅಂತ ಬರೆಯುತ್ತಾರೆ. ಮೊದಮೊದಲು ಬಿರುದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಸಬೂಬು. ಬಿಸಿಲನಾಡಿನವರಿಗೆ ಬಿಸಿಲು ಅಭ್ಯಾಸ ಅಂದುಬಿಟ್ಟರೆ ಮುಂದೆ ಯಾರೂ ಏನೂ ಮಾಡಬೇಕಾಗಿಲ್ಲ. ಆದರೆ ಬೆಂಗಳೂರಿನಿಂದ ಇಲ್ಲಿಗೆ ವರ್ಗ ಆದ ಅಧಿಕಾರಿ ಆರ್ಡರ್ ಕೈಗೆ ಬಂದ ದಿನವೇ ರದ್ದು ಮಾಡಿಸಲು ಓಡಾಡುತ್ತಾರೆ. ಅವರಿಗೆ ಅಭ್ಯಾಸ ಇಲ್ಲ ಪಾಪ.

ಹಾಗಂತ ಏನೂ ಮಾಡಿಲ್ಲ ಅಂದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಈ ಸಲ ರಾಯಚೂರಿನ ಒಂದು ಸಿಗ್ನಲ್‌ನಲ್ಲಿ ಹಸಿರು ಪರದೆ ಕಟ್ಟಿದ್ದಾರೆ. ನರ್ಸರಿಯಲ್ಲಿ ಸಸಿಗಳ ಮೇಲೆ ಹಾಕುತ್ತಾರಲ್ಲ, ಅದೇ. ಕಟ್ಟಿದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಫೋಟೊ ತೆಗೆದರು. ಆಗ ನೆರಳು ನೆಟ್ಟಗೆ ಕೆಳಗೇ ಬಿದ್ದಿತ್ತು, ಫೋಟೊ ಚೆನ್ನಾಗಿ ಬಂತು. ಸೂರ್ಯ ಮಾತ್ರ ಫೋಟೊಕ್ಕೆ ನಿಂತಲ್ಲೇ ನಿಲ್ಲುವ ಗಿರಾಕಿ ಅಲ್ಲ. ನಾಲ್ಕು ಗಂಟೆ ಹೊತ್ತಿಗೆ ಆ ನೆರಳು ಸರಿದು ಸರಿದು ಪೂರ್ವಕ್ಕಿರುವ ಚರಂಡಿಯ ಮೇಲೆ ಬೀಳುತ್ತದೆ. ಅಲ್ಲಿ ನಾಲ್ಕು ಹಂದಿ ಕಾಲು ಚಾಚಿ ಮಲಗಿರುತ್ತವೆ. ಹವಾಮಾನದ ಯೋಜನೆಯೊಂದರ ಫಲಾನುಭವಿಗಳನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಪರದೆ ಇಲ್ಲದ ಸಿಗ್ನಲ್‌ಗಳಲ್ಲಿ ಜನರೇ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಕೆಂಪು ದೀಪ ಬಿದ್ದ ಕೂಡಲೇ ಬೈಕುಗಳು ಗೆರೆಯ ಹತ್ತಿರ ಬರುವುದೇ ಇಲ್ಲ. 30 ಅಡಿ ಹಿಂದೆ, ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನ ನೆರಳಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಪೊಲೀಸಪ್ಪ ಸೀಟಿ ಊದಿ ಊದಿ ಸುಸ್ತಾಗಿ ಕೊನೆಗೆ ತಾನೂ ಅಲ್ಲಿಗೇ ಬಂದು ನಿಲ್ಲುತ್ತಾನೆ. ನಾಯಕರು ದಪ್ಪಗಿದ್ದಷ್ಟೂ ಒಳ್ಳೆಯದು. ಒಬ್ಬರ ಹೊಟ್ಟೆಯ ನೆರಳಲ್ಲಿ ಎರಡು ಸ್ಕೂಟಿ, ಒಂದು ಸೈಕಲ್ ಹಿಡಿಯುತ್ತವೆ, ನಾನೇ ಎಣಿಸಿದ್ದೇನೆ. ಐದು ವರ್ಷದಲ್ಲಿ ಅವರು ಜನರಿಗೆ ನೆರಳಾದದ್ದು ಇಷ್ಟು. ಮೊನ್ನೆ ಯಾರೋ ಆ ಫ್ಲೆಕ್ಸ್ ಕಿತ್ತುಕೊಂಡು ಹೋದರು. ಮೊದಲು ಅದೇ ಜಾಗದಲ್ಲಿ ಒಂದು ಬೇವಿನ ಮರ ಇತ್ತು. ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಬುಡದಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಅಜ್ಜ ಈಗ ಕಡ್ಡಿ ಮುರಿದ ಛತ್ರಿಯನ್ನು ಕಂಬಕ್ಕೆ ಕಟ್ಟಿಕೊಂಡು ಕೂರುತ್ತಾನೆ. ಗಿರಾಕಿಗೆ ನೆರಳು ಬೇಕೆಂದರೆ ಅವನು ಎದ್ದು ಬಿಸಿಲಿಗೆ ಹೋಗಬೇಕು.

ಈ ಊರಲ್ಲಿ ಕಾಯಂ ನೆರಳು ಅಂತ ಇದ್ದರೆ ಅದು ಏಮ್ಸ್ ಕೊಡಿ ಅಂತ ಧರಣಿ ಕೂತವರ ಪೆಂಡಾಲು. 2022ರ ಮೇನಲ್ಲಿ ಹಾಕಿದ್ದು, ಸಾವಿರ ದಿನ ದಾಟಿತು. ಇರಲಿ, ಅದು ಬೇರೆ ಕಥೆ.

ನೆರಳಿನ ಮಾತು ಬಂದಾಗ ಪರಿಹಾರದ ಮಾತೂ ಬರುತ್ತದೆ. ದೇಶದಲ್ಲಿ ವಿಕೋಪ ಅಂದರೆ ಏನು ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದ ಹಾವಳಿ, ಆಮೇಲೆ ಶೀತಗಾಳಿ. 2026ರ ಮಾರ್ಚ್‌ವರೆಗಿನ ಲೆಕ್ಕದಲ್ಲಿ ಒಟ್ಟು ಹನ್ನೆರಡು. ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ಅದನ್ನೂ ಸೇರಿಸಿ ಅಂತ ರಾಜ್ಯಗಳು ಕೇಳಿಕೊಂಡಾಗ, 2021ರಿಂದ 2026ರವರೆಗಿನ ಲೆಕ್ಕ ಬರೆದ 15ನೇ ಹಣಕಾಸು ಆಯೋಗ, ಇರುವ ಪಟ್ಟಿಯೇ ಬಹುಮಟ್ಟಿಗೆ ಸಾಕು ಅಂದಿತು. ಪಟ್ಟಿಯಲ್ಲಿರುವ ವಿಕೋಪದಲ್ಲಿ ಸತ್ತರೆ ಮನೆಯವರಿಗೆ ಆಗ 4 ಲಕ್ಷ ರೂಪಾಯಿ ಇತ್ತು. ನಾವೇನೂ ಕೈ ಚೆಲ್ಲಿ ಕೂರಬೇಕಿಲ್ಲ. ದೇವರು ದೊಡ್ಡವನು, ನಾಳೆ ಸಿಂಧನೂರಿಗೆ ಸುನಾಮಿ ಬರಬಹುದು. ಮಾನ್ವಿಯಲ್ಲಿ ಹಿಮ ಕುಸಿದರೂ ಸಾಕು. ಭತ್ತದ ಗದ್ದೆಯಲ್ಲಿ ಬಿಸಿಲಿಗೆ ಕುಸಿದವನು ಮಾತ್ರ ಕಾಗದದಲ್ಲಿ ಹೃದಯಾಘಾತ ಆಗುತ್ತಾನೆ. ಎಲ್ಲರೂ ಸಾಯುವುದು ಹೃದಯ ನಿಂತೇ ತಾನೆ?

ಇನ್ನು ಕರೆಂಟು. ರಾಜ್ಯ ಸರ್ಕಾರದ ಕಲ್ಲಿದ್ದಲು ಕರೆಂಟಿನ ಮೂರೂ ಸ್ಥಾವರ ಇರುವುದು ರಾಯಚೂರು, ಬಳ್ಳಾರಿ, ಈ ಎರಡು ಜಿಲ್ಲೆಯಲ್ಲೇ. ಶಕ್ತಿನಗರದ್ದು 1985ರಿಂದ ಉರಿಯುತ್ತಿದೆ, ಈಗ ಎಂಟು ಘಟಕ, 1720 ಮೆಗಾವಾಟ್. ಯರಮರಸ್‌ನದು 1600, ಬಳ್ಳಾರಿಯ ಕುಡಿತಿನಿಯದು 1700. ಬೆಂಗಳೂರಿಗೆ 2023ರ ನವೆಂಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಬಂತು, ನಮಗೆ ಬೂದಿ ಬಂತು. ಅಡುಗೆ ಮಾಡುವವರು ಒಲೆ ಮುಂದೆ ಕೂತು ಬಿಸಿ ಬಿಸಿ ಅಂತ ಕೂಗಿದರೆ ಊಟದ ಮನೆಯಲ್ಲಿ ಕೂತವರಿಗೆ ಕಿರಿಕಿರಿ ಆಗುತ್ತದೆ. ಅದಕ್ಕೇ ನಾವು ಕೂಗುವುದಿಲ್ಲ.

ಹೋದ ವಾರ ಮಾನ್ವಿ ಕಡೆಯ ಒಂದು ಊರಿಗೆ ಹೋಗಿದ್ದೆ. ಕೆರೆಯ ಅಂಗಳದಲ್ಲಿ ಉದ್ಯೋಗ ಖಾತ್ರಿಯ ಹೂಳು ತೆಗೆಯುವ ಕೆಲಸ ನಡೆದಿತ್ತು. ಹೆಚ್ಚಿನವರು ಹೆಂಗಸರು. ಬಿಸಿಲೇರುವ ಮೊದಲೇ ಮುಗಿಸೋಣ ಅಂತ ಆರೂವರೆಗೇ ಬಂದಿದ್ದರು, ಹನ್ನೊಂದಕ್ಕೆ ಅಳತೆಯ ಮಣ್ಣೆಲ್ಲ ಎತ್ತಿ ಹಾಕಿದ್ದರು. ಮನೆಗೆ ಹೋಗಬಹುದಿತ್ತು. ಹೋಗುವಂತಿಲ್ಲ. 2023ರ ಜನವರಿಯಿಂದ ಹಾಜರಿ ಆ್ಯಪ್‌ನಲ್ಲೇ ಆಗಬೇಕು. ದಿನಕ್ಕೆ ಎರಡು ಫೋಟೊ, ಮೊದಲನೆಯದು ತೆಗೆದು ನಾಲ್ಕು ಗಂಟೆ ಕಳೆದ ಮೇಲೆ ಎರಡನೆಯದು. ಆವತ್ತು ಆ್ಯಪ್ ಕಣ್ಣು ಬಿಟ್ಟಿದ್ದೇ ಒಂಬತ್ತೂಕಾಲಿಗೆ. ಹಾಗಾಗಿ ಒಂದೂಕಾಲಿನ ತನಕ ಸುಮ್ನೆ ಕೂರಬೇಕು. ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು ಇರಬೇಕು ಅಂತ ಕಾನೂನಿನಲ್ಲಿ ಬರೆದಿದೆ. ಅಲ್ಲಿ ಇದ್ದದ್ದು ಮೂರು ಜಾಲಿ ಗಿಡ. ಜಾಲಿಯ ನೆರಳು ಎಂಥದ್ದು ಅಂತ ಅದರ ಕೆಳಗೆ ಕೂತವರಿಗೆ ಗೊತ್ತು. ಮೈಮೇಲೆ ಜರಡಿ ಹಿಡಿದ ಹಾಗೆ.

ಹೊರಗೆ ಬರಬೇಡಿ ಅಂತ ಹೇಳುವವರೂ ಸರ್ಕಾರದವರೇ, ಹೊರಗೇ ಇರು, ನಿನ್ನ ಮುಖ ನೋಡಬೇಕು ಅಂತ ಹೇಳುವವರೂ ಅವರೇ. ಈ ಎರಡು ಆದೇಶ ಬರೆದವರು ಒಂದು ದಿನ ಎದುರುಬದುರು ಕೂತು ಚಹಾ ಕುಡಿಯಬಾರದಾ? ಎಷ್ಟು ವರ್ಷ ನಗುವುದು ಇದಕ್ಕೆ? ನನಗೂ ಬರೆದು ಬರೆದು ಸಾಕಾಗಿದೆ. ಅದು ಅಂಥಾ ಕಷ್ಟದ ಕೆಲಸವೇನಲ್ಲ. ಮುಂಜಾನೆ ಬಂದವರನ್ನು ಮುಂಜಾನೆಯೇ ಎಣಿಸಿ ಮನೆಗೆ ಕಳಿಸಬೇಕು. ಅಷ್ಟೇ.

ಒಂದೂಕಾಲು ಆಯಿತು. ಹಾಜರಿ ಹಾಕುವ ಕಾಯಕ ಬಂಧು ಹುಡುಗಿ ಫೋನ್ ತೆಗೆದಳು. ತೆರೆಯ ಮೇಲೆ ಹಳದಿ ಗುರುತು ಬಂತು. ಫೋನ್ ಬಿಸಿಯಾಗಿದೆ, ತಣ್ಣಗಾದ ಮೇಲೆ ಬಳಸಿ ಅಂತ. ಬಹಳಷ್ಟು ಫೋನುಗಳ ಜೊತೆ ಬರುವ ಪುಸ್ತಕದಲ್ಲಿ 35 ಡಿಗ್ರಿಯೊಳಗೆ ಬಳಸಿ ಅಂತ ಬರೆದಿರುತ್ತದೆ. ಅದಕ್ಕೆ ರಾಯಚೂರಿನ ಮಾಮೂಲು ಗೊತ್ತಿಲ್ಲ.

"ಯಕ್ಕಾ, ಫೋನ್ ಕಾದೈತಿ" ಎಂದಳು.

"ತಡೀ ತಂಗಿ, ಅದಕ್ಕ ನೆಳ್ಳ ಮಾಡೂಣು" ಎಂದು ಒಬ್ಬಾಕೆ ಎದ್ದರು. ಐದಾರು ಮಂದಿ ಸುತ್ತ ನಿಂತು ಫೋನಿನ ಮೇಲೆ ಸೆರಗು ಹಿಡಿದರು. ಇನ್ನೊಬ್ಬಾಕೆ ಕುಡಿಯುವ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಟವೆಲ್ ಮೇಲೆ ಸುರಿದು, ಹಿಂಡಿ, ಅದರಲ್ಲಿ ಫೋನನ್ನು ಕೂಸಿನ ಹಾಗೆ ಸುತ್ತಿಟ್ಟರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ತಲೆಯ ಮೇಲಿನ ಸೆರಗು ಸರಿಸಿ, ಮುಖ ಕಾಣುವಂತೆ ಬಿಸಿಲಿಗೆ ತಿರುಗಿ ಸಾಲಾಗಿ ನಿಂತರು. ಎಣಿಸಿದರೆ ಒಬ್ಬಾಕೆ ಕಡಿಮೆ. ತಲೆ ಸುತ್ತುತ್ತದೆ ಅಂತ ಜಾಲಿ ಗಿಡದ ಬುಡದಲ್ಲಿ ಮಲಗಿದ್ದರು. ಒಂದು ದಿನದ ಕೂಲಿ ಅಲ್ವಾ? ಇಬ್ಬರು ಹೋಗಿ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದು, ನಡುವೆ ನಿಲ್ಲಿಸಿಕೊಂಡರು.