ಸವೆದ ಕಂಚಿನ ನಾಣ್ಯದಲ್ಲಿ ಊರು ಹುಡುಕೋದು

ರೋಮನ್ ನಾಣ್ಯ ಅಂದ ಕೂಡಲೇ ಜನ ಕೇಳೋದು ಎರಡೇ ಪ್ರಶ್ನೆ. ಚಿನ್ನದ್ದಾ? ಎಷ್ಟು ಬೆಲೆ? ನನ್ನ ಹತ್ತಿರ ಇರುವುದು ಕಂಚು, ಅದೂ ಸವೆದದ್ದು, ಬೆಲೆ ಅಷ್ಟಕ್ಕಷ್ಟೇ ಅಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ರೋಮ್ ನಗರದಲ್ಲಿ ಅಚ್ಚಾದ ಹೊಳೆಯುವ ಬೆಳ್ಳಿಗಿಂತ ಪ್ರಾಂತ್ಯಗಳ ಈ ಕಪ್ಪು-ಹಸಿರು ಚಿಲ್ಲರೆಯೇ ಜಾಸ್ತಿ ಇಷ್ಟ.

ರೋಮನ್ ಸಾಮ್ರಾಜ್ಯದ ಪೂರ್ವ ಭಾಗದ ನೂರಾರು ಊರುಗಳು ತಮ್ಮ ಚಿಲ್ಲರೆ ಕಾಸನ್ನು ತಾವೇ ಅಚ್ಚು ಹಾಕಿಕೊಳ್ಳುತ್ತಿದ್ದವು. ಮುಂಭಾಗದಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ತಲೆ. ಹಿಂಭಾಗ ಮಾತ್ರ ಊರಿನವರದ್ದು. ಅವರ ದೇವರು, ಅವರ ನದಿ, ಅವರ ಗುಡ್ಡ. ಬರಹ ಹೆಚ್ಚಾಗಿ ಗ್ರೀಕ್. 3ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ್ಧತಿ ನಿಂತೇಹೋಯಿತು. ನಾಣ್ಯ ಸಂಗ್ರಹಿಸುವವರು ಹೆಚ್ಚಿನವರು ಚಕ್ರವರ್ತಿಯ ಮುಖ ನೋಡಿ ಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ತಿರುಗಿಸಿ ನೋಡಬೇಕು.

ಒಂದು ಉದಾಹರಣೆ. ನಮ್ಮ ಒಂದು ರೂಪಾಯಿಗಿಂತ ಚಿಕ್ಕದೊಂದು ನಾಣ್ಯ. ಹಿಂದೆ ಮೂರು ಕಂಬ ನಿಲ್ಲಿಸಿದ ಹಾಗೆ ಕಾಣುತ್ತದೆ. ಅವು ಸೈನ್ಯದ ಧ್ವಜಗಳು. ಕಂಬಗಳ ಸಂದಿಯಲ್ಲಿ, ಕೆಳಗೆ, ಚೆಲ್ಲಿದಂತೆ ಅಕ್ಷರಗಳು. ‘ನಿಕ್’ ಅಂತ ಶುರುವಾಗುತ್ತದೆ. ಇಲ್ಲೇ ಅನೇಕರು ಎಡವೋದು. ನಿಕೈಯಾ, ನಿಕೊಮೀಡಿಯಾ, ನಿಕೊಪೊಲಿಸ್, ಎಲ್ಲದರ ಶುರುವೂ ಅದೇ. ‘ನಿಕ್’ ಆದಮೇಲೆ ಬರುವ ಅಕ್ಷರವೇ ತೀರ್ಪು. ಆಲ್ಫಾ (ಗ್ರೀಕಿನ ‘ಎ’ ಅಕ್ಷರ) ಇದ್ದರೆ ನಿಕೈಯಾ, ಅಂದರೆ ಈಗಿನ ಟರ್ಕಿಯ ಇಜ್ನಿಕ್. ಊರು ಸಿಕ್ಕಿತು. ಈಗ ದೊರೆ ಯಾರು? ಮುಂದೆ ಇರುವುದು ಗಡ್ಡವಿಲ್ಲದ ಹುಡುಗನ ಮುಖ. ಸೆವೆರಸ್ ಅಲೆಕ್ಸಾಂಡರ್ ಕಾಲದಲ್ಲೂ (222–235) ಈ ಮೂರು ಧ್ವಜದ ನಾಣ್ಯ ಇದೆ, ಮೂರನೇ ಗೋರ್ಡಿಯನ್ ಕಾಲದಲ್ಲೂ (238–244) ಇದೆ. ಇಬ್ಬರೂ ಹದಿಮೂರು-ಹದಿನಾಲ್ಕರ ವಯಸ್ಸಿಗೇ ಪಟ್ಟಕ್ಕೆ ಕೂತವರು, ಮುಖ ನೋಡಿ ಹೇಳೋದು ಕಷ್ಟ. ಆಗ ದೀಪವನ್ನು ಪಕ್ಕದಿಂದ ಓರೆಯಾಗಿ ಬಿಡಬೇಕು. ತಲೆ ಸುತ್ತಲಿನ ಬರಹದಲ್ಲಿ ‘ಗೋರ್ಡಿ’ ಅನ್ನುವಷ್ಟು ಎದ್ದು ಬಂದರೂ ಸಾಕು, ಕೆಲಸ ಮುಗಿಯಿತು. ಆ ಕ್ಷಣದ ಖುಷಿ ಇದೆಯಲ್ಲ, ಲೇಬಲ್ ಹಚ್ಚಿದ ನಾಣ್ಯ ಕೊಂಡವರಿಗೆ ಅದು ಸಿಗೋದಿಲ್ಲ.

ಕೆಲವು ಊರುಗಳು ಇಷ್ಟು ಸತಾಯಿಸುವುದಿಲ್ಲ. ಎಲೆಮಾಲೆಯ ನಡುವೆ ‘ಎಸ್ ಸಿ’ (ಲ್ಯಾಟಿನ್‌ನಲ್ಲಿ ‘ಸೆನೆಟ್ಟಿನ ನಿರ್ಣಯದಂತೆ’ ಅನ್ನುವುದರ ಚುಟುಕು) ಅಂತ ದಪ್ಪಕ್ಷರ ಇದ್ದರೆ ಬಹುಪಾಲು ಸಿರಿಯಾದ ಆಂಟಿಯೋಕ್ ಟಂಕಸಾಲೆಯದ್ದು. ಒಂದು ಕಡೆ ಗೂಳಿ, ಇನ್ನೊಂದು ಕಡೆ ಸಿಂಹ, ನಡುವೆ ಹೆಂಗಸು ನಿಂತಿದ್ದರೆ ಡ್ಯಾನ್ಯೂಬ್ ದಂಡೆಯ ವಿಮಿನಾಸಿಯಮ್, ಈಗಿನ ಸೆರ್ಬಿಯಾ. ಗುಡ್ಡವನ್ನೇ ದೇವರ ಹಾಗೆ ಕೂರಿಸಿದ್ದರೆ ಕಪಡೋಕಿಯಾದ ಸಿಸೇರಿಯಾ. ಅದು ಅರ್ಗಾಯೊಸ್ ಪರ್ವತ, ಈಗಲೂ ಟರ್ಕಿಯ ಕೈಸೆರಿ ಪಟ್ಟಣದಿಂದ ಕಾಣುತ್ತದೆ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದವರು ಇನ್ನೂ ಒಳ್ಳೆಯವರು, ವರ್ಷವನ್ನೇ ಬರೆದಿಟ್ಟಿದ್ದಾರೆ. ಇಂಗ್ಲಿಷಿನ ‘ಎಲ್’ ಥರದ ಒಂದು ಗುರುತು, ಜೊತೆಗೆ ಗ್ರೀಕ್ ಅಕ್ಷರದಲ್ಲಿ ಆಳ್ವಿಕೆಯ ವರ್ಷ. ಆಲ್ಫಾ ಅಂದರೆ ಒಂದು, ಬೀಟಾ ಅಂದರೆ ಎರಡು. ಆದರೆ ಅವರ ಹೊಸ ವರ್ಷ ಆಗಸ್ಟ್ 29ಕ್ಕೆ, ದೊರೆಯ ಎರಡನೇ ವರ್ಷದ ಲೆಕ್ಕವೂ ಅಂದೇ ಶುರು. ಚಕ್ರವರ್ತಿ ಹೇಡ್ರಿಯನ್ 117ರ ಆಗಸ್ಟ್ 11ಕ್ಕೆ ಪಟ್ಟಕ್ಕೆ ಬಂದ. ಅಂದರೆ ಅವನ ‘ಮೊದಲ ವರ್ಷ’ ಮೂರು ವಾರ ಕೂಡ ಇಲ್ಲ! ಲೆಕ್ಕ ಹಾಕುವಾಗ ಇದು ನೆನಪಿರಲಿ.

ಗೀಟು ಬಿದ್ದದ್ದು, ಮುಕ್ಕಾದದ್ದು ಬೇಡ ಅನ್ನುವವರಿಗೆ ಒಂದು ಮಾತು. ಕಾರಿಯಾ ಸೀಮೆಯ (ಈಗಿನ ಟರ್ಕಿಯ ನೈಋತ್ಯ ಭಾಗ) ಸ್ಟ್ರಾಟೊನಿಕಿಯಾದ ದೊಡ್ಡ ಕಂಚಿನ ನಾಣ್ಯಗಳಲ್ಲಿ ರೋಮನ್ ರಾಜಮನೆತನದ ಅಣ್ಣ ತಮ್ಮ, ಕ್ಯಾರಕಲ್ಲಾ ಮತ್ತು ಗೆಟಾ, ಎದುರುಬದುರು ಇದ್ದರು. 211ರ ಡಿಸೆಂಬರಿನಲ್ಲಿ ಅಣ್ಣ ತಮ್ಮನನ್ನು ಕೊಲ್ಲಿಸಿದ. ಅವನ ಗುರುತೇ ಉಳಿಯಬಾರದು ಅಂತ ಆಜ್ಞೆಯಾಯಿತು. ಈ ನಾಣ್ಯಗಳಲ್ಲಿ ಗೆಟಾನ ಮುಖ ಇದ್ದ ಜಾಗವನ್ನು ಕೆತ್ತಿ ತೆಗೆದಿದ್ದಾರೆ. ಅರ್ಧ ನಾಣ್ಯ ಬೋಳು. ಕೆತ್ತಿದ ಮೇಲೆ ಮರುಮುದ್ರೆ ಒತ್ತಿ ಮತ್ತೆ ಸಂತೆಗೆ ಬಿಟ್ಟದ್ದೂ ಉಂಟು. ಯಾವ ಹೊಳೆಯುವ ನಾಣ್ಯ ಇಷ್ಟು ಹೇಳುತ್ತದೆ, ಹೇಳಿ.

ಈಗ ಸ್ವಲ್ಪ ಕಹಿ ವಿಷಯ. ‘ತೊಳೆಯದ ನಾಣ್ಯ, ರಾಶಿ ಲೆಕ್ಕದಲ್ಲಿ’ ಅಂತ ಮಾರುತ್ತಾರಲ್ಲ, ಗುರುತಿಸುವ ಹುಚ್ಚು ಇರುವವರಿಗೆ ಅದು ದೊಡ್ಡ ಆಸೆ. ನಾನು ಕೊಳ್ಳುವುದಿಲ್ಲ. ಚಿನ್ನ ಬೆಳ್ಳಿ ಸಮುದ್ರ ದಾಟುತ್ತಿತ್ತು. ನಮ್ಮ ಯಶವಂತಪುರದಲ್ಲಿ ಸಿಕ್ಕ ರೋಮನ್ ನಿಧಿ ಬೆಳ್ಳಿಯದ್ದು, ಅಕ್ಕಿಆಲೂರಿನದ್ದು ಚಿನ್ನದ್ದು. ಊರಿನ ಕಂಚು ಹಾಗಲ್ಲ, ಬಹುಪಾಲು ಅದೇ ಊರಿನ ಸುತ್ತಮುತ್ತ ಓಡಾಡುತ್ತಿತ್ತು. ಹಾಗಾಗಿ ಎಲ್ಲಿ ಸಿಕ್ಕಿತು ಅನ್ನುವುದೇ ಅರ್ಧ ಮಾಹಿತಿ. ರಾತ್ರೋರಾತ್ರಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆದು, ನಾಲ್ಕು ದೇಶದ್ದು ಒಂದೇ ಚೀಲಕ್ಕೆ ಸುರಿದ ಮೇಲೆ ಆ ಅರ್ಧ ಹೋದಂತೆಯೇ. ಟರ್ಕಿಯಿಂದ ಇಂಥ ವಸ್ತು ಹೊರಗೆ ಸಾಗಿಸುವುದು ಅಪರಾಧ ಕೂಡ. ಹಳೆಯ ಸಂಗ್ರಹದ ಚೀಟಿ, ಹಳೆಯ ಹರಾಜಿನ ದಾಖಲೆ ಇದ್ದದ್ದನ್ನೇ ಕೊಳ್ಳಿ. ನಾಲ್ಕು ಕಾಸು ಜಾಸ್ತಿ ಆಗುತ್ತದೆ, ಆಗಲಿ. ‘ಎಲ್ಲರೂ ಕೊಳ್ಳುತ್ತಾರೆ, ನಾನೊಬ್ಬ ಬಿಟ್ಟರೆ ಏನಾಗುತ್ತೆ’ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಗುರುತಿಸುವ ಚಟಕ್ಕೆ ನಾಣ್ಯ ಕೈಯಲ್ಲಿ ಇರಲೇಬೇಕು ಅಂತೇನೂ ಇಲ್ಲ. ಆಕ್ಸ್‌ಫರ್ಡ್‌ನವರ ‘ರೋಮನ್ ಪ್ರಾವಿನ್ಶಿಯಲ್ ಕಾಯ್ನೇಜ್’ ಅನ್ನುವ ನಾಣ್ಯಪಟ್ಟಿ ಆನ್‌ಲೈನಿನಲ್ಲಿ ಪುಕ್ಕಟೆ ಇದೆ. ಊರು, ದೊರೆ, ಚಿತ್ರ ಯಾವುದರಿಂದ ಬೇಕಾದರೂ ಹುಡುಕಬಹುದು. ಸುಮ್ನೆ ಒಂದು ಸಂಜೆ ಅದರಲ್ಲಿ ಕೂತು ನೋಡಿ. ಬೇರೆ ಬೇರೆ ಊರುಗಳ ನಾಣ್ಯದಲ್ಲಿ ಚಕ್ರವರ್ತಿಯ ತಲೆ ಒಂದೇ ಅಚ್ಚಿನಿಂದ ಬಂದಿರುವುದು ಕೂಡ ಕಾಣುತ್ತದೆ. ಒಂದೇ ಕಮ್ಮಟದವರು ಹಲವು ಊರಿಗೆ ಕೆಲಸ ಮಾಡಿಕೊಡುತ್ತಿದ್ದರು ಅಂತ ವಿದ್ವಾಂಸರು ಊಹಿಸಿದ್ದು ಇದರಿಂದಲೇ.

ಮನೆಯಲ್ಲಿ ಇಂಥದ್ದು ಇದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಗಟ್ಟಿ ಹಸಿರು ಪದರವೇ ನಾಣ್ಯದ ಚರ್ಮ, ಅಕ್ಷರ ಉಳಿದಿರುವುದು ಅದರಲ್ಲೇ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಎಚ್ಚರ. ಅದು ಕ್ಲೋರೈಡ್ ತಿನ್ನುತ್ತಿರುವ ಲಕ್ಷಣ. ತೇವ ತಗಲದ ಹಾಗೆ ಬೇರೆ ಇಟ್ಟು, ಬಲ್ಲವರಿಗೆ ತೋರಿಸಿ.

ಗುರುತಿಸಿ ಕೊಡಿ ಅಂತ ಫೋಟೋ ಕಳಿಸುವವರು ಎರಡೂ ಬದಿ ಕಳಿಸಿ, ಜೊತೆಗೆ ತೂಕ ಗ್ರಾಂನಲ್ಲಿ, ಅಡ್ಡಳತೆ ಮಿಲಿಮೀಟರಿನಲ್ಲಿ. ಬೆಳಕು ಪಕ್ಕದಿಂದ ಬರಲಿ. ಬೆಲೆ ಮಾತ್ರ ಕೇಳಬೇಡಿ, ಹೇಳೋದಿಲ್ಲ.