ಜ್ವರ ಬೇರೆ, ಗಡ್ಡೆಗೆ ಅಳೆದು ಕೊಡುವ ಬಿಸಿ ಬೇರೆ

"ಕ್ಯಾನ್ಸರ್ ಕೋಶ ಬಿಸಿಗೆ ಸಾಯುತ್ತೆ" ಅನ್ನೋ ಮಾತು ಅರ್ಧ ನಿಜ. ಅದನ್ನೇ ನಂಬಿ ಕೀಮೋ ನಡೆಯುತ್ತಿರುವ ಮಗುವಿಗೆ ಹಬೆ ಕೊಡೋದು, ಜ್ವರ ಬಂದರೆ ಒಳ್ಳೇದೇ ಅಂತ ಸುಮ್ಮನಿರೋದು ಶುದ್ಧ ಅಪಾಯ. ಬಿಸಿಯೂ ಒಂದು ಔಷಧ. ರೇಡಿಯೋ ತರಂಗದಿಂದ ಗಡ್ಡೆಯಿರುವ ಭಾಗವನ್ನಷ್ಟೇ ಅಳೆದು ಕಾಯಿಸುವ ಚಿಕಿತ್ಸೆಗೆ ಹೈಪರ್‌ಥರ್ಮಿಯಾ ಅಂತಾರೆ. ಅದಕ್ಕೂ ಡೋಸ್ ಇದೆ, ಹೊತ್ತು ಇದೆ.

ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಜರ್ಮ್ ಸೆಲ್ ಗಡ್ಡೆ (ಅಂಡಾಣು, ವೀರ್ಯಾಣು ಆಗಬೇಕಾದ ಮೂಲ ಕೋಶಗಳಿಂದ ಹುಟ್ಟುವ ಗಡ್ಡೆ) ಮರುಕಳಿಸಿದ, ಇಲ್ಲವೇ ಮಾಮೂಲಿ ಕೀಮೋಗೆ ಬಗ್ಗದ 44 ಮಕ್ಕಳು, ಹದಿಹರೆಯದವರಿಗೆ ಕೀಮೋ ಜೊತೆ ಬಿಸಿಯನ್ನೂ ಕೊಟ್ಟ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದು ಸುತ್ತಿನ ನಾಲ್ಕೂ ದಿನ, ಮೈಯ ಮೇಲ್ಮೈಯ ಪ್ರತಿ ಚದರ ಮೀಟರಿಗೆ, ಕೀಮೋ ಔಷಧಗಳಾದ ಎಟೊಪೊಸೈಡ್ 100 ಮಿಗ್ರಾಂ, ಐಫಾಸ್ಫಮೈಡ್ 1800. ಮೂರನೇ ಔಷಧ ಸಿಸ್ಪ್ಲಾಟಿನ್ 40 ಮಿಗ್ರಾಂ, ಮೊದಲ ಮತ್ತು ನಾಲ್ಕನೇ ದಿನ ಮಾತ್ರ. ಬಿಸಿಯೂ ಅವೆರಡೇ ದಿನ, ಸಿಸ್ಪ್ಲಾಟಿನ್ ಜೊತೆಜೊತೆಗೇ: 41ರಿಂದ 43 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ. ಲೆಕ್ಕಕ್ಕೆ ಸಿಕ್ಕ 35 ಜನರಲ್ಲಿ 30 ಮಂದಿಗೆ ಗಡ್ಡೆ ಸ್ಪಂದಿಸಿತು. ಬರೀ ಕೀಮೋ ಪಡೆದ ಗುಂಪು ಹೋಲಿಕೆಗೆ ಇರಲಿಲ್ಲ, ಹಾಗಾಗಿ ಕುಣಿದಾಡೋದು ಬೇಡ.

ಜೊತೆಜೊತೆಗೇ ಯಾಕೆ? ಸಿಸ್ಪ್ಲಾಟಿನ್ ಡಿಎನ್‌ಎಗೆ ಪೆಟ್ಟು ಕೊಡುತ್ತೆ. ಬಿಸಿ ಆ ಪೆಟ್ಟಿನ ರಿಪೇರಿಯನ್ನು ಕೆಡಿಸುತ್ತೆ. ಮಧ್ಯೆ ಬಿಡುವು ಯಾಕೆ? ಒಮ್ಮೆ ಕಾದ ಕೋಶ ತನ್ನನ್ನು ಕಾಯುವ ಹೀಟ್ ಶಾಕ್ ಪ್ರೊಟೀನ್ ಮಾಡಿಕೊಂಡು ಎರಡು ಮೂರು ದಿನ ಬಿಸಿಗೆ ಜಗ್ಗಲ್ಲ. ಮರುದಿನವೇ ಕಾಯಿಸಿದರೆ ಶ್ರಮ ದಂಡ.

ಎಡವಟ್ಟಾಗೋದು ಡಿಗ್ರಿಯಲ್ಲಿ. 43ರ ಕೆಳಗೆ ಒಂದೊಂದು ಡಿಗ್ರಿ ಇಳಿದಾಗಲೂ ಪರಿಣಾಮ ಕಾಲು ಭಾಗಕ್ಕೆ ಬೀಳುತ್ತೆ ಅನ್ನೋದು ಈ ಕ್ಷೇತ್ರದ ಲೆಕ್ಕ. 42ರಲ್ಲಿ ಒಂದು ಗಂಟೆ ಅಂದರೆ 43ರಲ್ಲಿ 15 ನಿಮಿಷ. 41ರಲ್ಲಾದರೆ ನಾಲ್ಕು ನಿಮಿಷವೂ ಇಲ್ಲ. ದೊಡ್ಡ ರಕ್ತನಾಳಕ್ಕೆ ಅಂಟಿದ ಅಂಚಿನಲ್ಲಿ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತೆ, ಗಡ್ಡೆ ಅಲ್ಲೇ ಉಳಿದುಕೊಳ್ಳುತ್ತೆ. ಇತ್ತ ಕೊಬ್ಬು, ಮೂಳೆಯ ಪಕ್ಕ ಸುಡುತ್ತೆ. ಅದಕ್ಕೇ ರೇಡಿಯೋ ತರಂಗದ ಆಂಟೆನಾಕ್ಕೂ ಚರ್ಮಕ್ಕೂ ನಡುವೆ ನೀರಿನ ಚೀಲ. ಗಡ್ಡೆಯ ಹತ್ತಿರಕ್ಕೆ, ಗುದದ್ವಾರದಲ್ಲೋ ಮೂತ್ರಕೋಶದಲ್ಲೋ, ತೆಳು ಥರ್ಮಾಮೀಟರ್ ತಂತಿ. ದೊಡ್ಡವರು "ಇಲ್ಲಿ ಉರೀತಿದೆ" ಅಂತಾರೆ. ಅರಿವಳಿಕೆಯಲ್ಲಿ ಮಲಗಿದ ಎರಡು ವರ್ಷದ ಕೂಸು ಹೇಳಲ್ಲ, ತಂತಿಯೇ ಹೇಳಬೇಕು. ಮನೆಯ ಹಬೆಯಲ್ಲಿ ಇದ್ಯಾವುದೂ ಇಲ್ಲ.

ಇನ್ನು ಜ್ವರ. ಕೀಮೋ ಮಗುವಿಗೆ ಒಮ್ಮೆ 38.3 ಬಂದರೂ, ಒಂದು ಗಂಟೆ 38ರಲ್ಲೇ ನಿಂತರೂ, ಅಂದರೆ ಸುಮಾರು 100.4 ಫ್ಯಾರನ್‌ಹೀಟ್, ತಕ್ಷಣ ಆಸ್ಪತ್ರೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್, ರಕ್ತದ ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆ ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಹೋಗಬೇಕು. ಮನೆಯಲ್ಲಿ ಜ್ವರವನ್ನು ಕಂಕುಳಲ್ಲಿ ಅಳೆಯಿರಿ, ಗುದದ್ವಾರದಲ್ಲಿ ಬೇಡ. ಅಳೆಯೋ ಮೊದಲೇ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗುತ್ತೆ, ಸೋಂಕು ಮರೆಯಾಗಲ್ಲ.